ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಶಿವನಸಮುದ್ರದ ಬೆಳಕು

ಕಾವೇರಿಯ ಪಾತ್ರದಲ್ಲಿ ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವೆ ಮಧ್ಯರಂಗನಾಗಿ ಸ್ವಾಮಿಯು ಪವಡಿಸಿರುವ ಕ್ಷೇತ್ರ ಶಿವನಸಮುದ್ರ. ಒಂದೇ ದಿನದಲ್ಲಿ ಮೂರು ರಂಗರ ದರ್ಶನ ಪಡೆಯಬೇಕೆಂಬ ಸಂಕಲ್ಪದಿಂದ ಯಾತ್ರೆ ಹೊರಡುವ ಆಸ್ತಿಕರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ನದಿಯು ಎರಡು ಕವಲಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳೆಂಬ ಎರಡು ಜಲಪಾತಗಳಾಗಿ ಧುಮುಕುವುದನ್ನು ಅವರೆಲ್ಲರೂ ಕಂಡಿರುತ್ತಾರೆ. ಆದರೆ ಗಗನಚುಕ್ಕಿಯ ಕಡೆಯ ದಡದಲ್ಲಿ, ಬ್ಲಫ್ ಎಂದು ಜನ ಕರೆಯುವ ಎಡೆಯಲ್ಲಿ, ಕಣಿವೆಯ ಆಳದಲ್ಲಿರುವ ಹಳೆಯ ವಿದ್ಯುದಾಗಾರದ ಕಡೆಗೆ ಯಾತ್ರಿಕರ ಗಮನ ಅಷ್ಟಾಗಿ ಹರಿಯುವುದಿಲ್ಲ. ಆ ಕಟ್ಟಡದ ಹಿಂದೆ ಇರುವ ಪುರುಷಪ್ರಯತ್ನದ ಕಥೆಯನ್ನೂ, ಅದಕ್ಕೆ ಕಾರಣರಾದ ಮಹನೀಯರ ಚರಿತ್ರೆಯನ್ನೂ ಈ ಸಂಚಿಕೆಯಲ್ಲಿ ಸ್ಮರಿಸಬಯಸಿದ್ದೇವೆ.

ಉತ್ಸವ ಪ್ರವಚನಗಳ ಪತ್ರಿಕೆಯಲ್ಲಿ ದಿವಾನರ ಕಥೆ ಏತಕ್ಕೆ ಎಂದು ವಾಚಕರು ಕೇಳಬಹುದು. ಆರಂಭಶೂರತ್ವವೆಂಬುದು ನಮ್ಮ ಸಮಾಜಕ್ಕೆ ಅಂಟಿದ ಹಳೆಯ ಬೇನೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ದಾನಿಗಳ ಹೆಸರುಗಳು ಅಚ್ಚಳಿಯದೆ ಉಳಿದು, ಕಟ್ಟಡ ಮಾತ್ರ ತಳಪಾಯಕ್ಕೇ ನಿಂತಿರುವ ಕಲ್ಯಾಣಮಂಟಪಗಳನ್ನು ನಾವೆಲ್ಲರೂ ನೋಡಿದ್ದೇವೆ. ಕಳಶ ಕಾಣದ ಗೋಪುರಗಳನ್ನೂ ನೋಡಿದ್ದೇವೆ. ಇದಕ್ಕೆ ಪ್ರತಿಯಾದ ಪದ್ಧತಿಯೂ ನಮ್ಮಲ್ಲಿ ಇಲ್ಲದಿಲ್ಲ. ಉಡುಪಿಯ ಪರ್ಯಾಯಕ್ಕೆ ಎಷ್ಟೋ ತಿಂಗಳು ಮೊದಲೇ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳು ನಡೆಯುವುದು ವಾಚಕರಿಗೆ ತಿಳಿದದ್ದೇ. ಎರಡು ವರ್ಷ ಉಣಬಡಿಸಬೇಕಾದವರು ಎಲೆಯನ್ನೂ ಸೌದೆಯನ್ನೂ ಮೊದಲು ಎಣಿಸುತ್ತಾರೆ. ಈ ಬಗೆಯ ಎಣಿಕೆಯನ್ನು ರಾಜ್ಯದ ಒಂದು ಮಹಾಕಾರ್ಯಕ್ಕೆ ಅನ್ವಯಿಸಿದವರು ಸರ್ ಕೆ. ಶೇಷಾದ್ರಿ ಅಯ್ಯರ್. ತಾವು ತೊಡಗಿಸಿದ ಕಾರ್ಯ ಮುಗಿದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಆದರೂ ಕಾರ್ಯ ಮುಗಿಯಿತು.

ಅವರು ಹುಟ್ಟಿದ್ದು 1845ರ ಜೂನ್ 1ರಂದು, ಪಾಲ್ಘಾಟಿನ ಸಮೀಪದ ಕುಮಾರಪುರದಲ್ಲಿ. ತಂದೆ ಅನಂತನಾರಾಯಣ ಅಯ್ಯರ್ ಅವರು ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ರಂಗಾಚಾರ್ಲು ಅವರ ಪ್ರೇರಣೆಯಿಂದ ಮೈಸೂರು ಸೀಮೆಯ ಸೇವೆಗೆ ಬಂದರು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗದ ಶಿರಸ್ತೇದಾರಿಕೆಯಿಂದ ಅವರ ವೃತ್ತಿ ಪ್ರಾರಂಭವಾಯಿತು. ನಡುವೆ ಕಾನೂನಿನ ಪದವಿಯನ್ನೂ ಸಂಪಾದಿಸಿದರು. ಕಡತವನ್ನು ಒಮ್ಮೆ ಓದಿದರೆ ಅದರ ಬೇರು ಬುಡಗಳನ್ನು ಬಿಡಿಸಿ ಹೇಳಬಲ್ಲ ಅಧಿಕಾರಿ ಎಂಬ ಕೀರ್ತಿ ಅವರಿಗೆ ಬಂದಿತ್ತು. 1883ರ ಜನವರಿಯಲ್ಲಿ ದಿವಾನ್ ರಂಗಾಚಾರ್ಲು ಅವರು ನಿಧನರಾದಾಗ, ಮಹಾರಾಜ ಚಾಮರಾಜೇಂದ್ರ ಒಡೆಯರು ಮೂವತ್ತೇಳು ವಯಸ್ಸಿನ ಶೇಷಾದ್ರಿ ಅಯ್ಯರ್ ಅವರನ್ನು ಆ ಪದವಿಗೆ ಆರಿಸಿಕೊಂಡರು. ಹದಿನೆಂಟು ವರ್ಷ ಅವರು ಅಲ್ಲಿದ್ದರು. ಮೈಸೂರಿನ ಆಧುನಿಕ ಕಾಲದ ದಿವಾನರಲ್ಲಿ ಅಷ್ಟು ದೀರ್ಘಕಾಲ ಆ ಭಾರವನ್ನು ಹೊತ್ತವರು ಬೇರೊಬ್ಬರಿಲ್ಲ.

ಆಗ ಸಂಸ್ಥಾನದ ಸ್ಥಿತಿ ಹೇಗಿತ್ತು? 1876ರಿಂದ 1878ರವರೆಗಿನ ಕ್ಷಾಮವು ಊರೂರನ್ನು ಬರಿದುಮಾಡಿ, ಬೊಕ್ಕಸಕ್ಕೆ ಸಾಲದ ಹೊರೆಯನ್ನು ಹೊರಿಸಿ ಹೋಗಿತ್ತು. ಇದರ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಬೇಕಾದ ಪೊಗದಿ. ಹೊಸ ದಿವಾನರು ಮೊದಲು ಕೈಹಚ್ಚಿದ್ದು ರೈಲುದಾರಿಗೆ. ಧಾನ್ಯವಿರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿದ್ದಿದ್ದರೆ ಕ್ಷಾಮದಲ್ಲಿ ಅಷ್ಟು ಜನ ಸಾಯುತ್ತಿರಲಿಲ್ಲವೆಂಬುದು ಎಲ್ಲರ ಅರಿವಿಗೂ ಬಂದಿತ್ತು. 1889ರ ಹೊತ್ತಿಗೆ ಗಾಡಿ ಹರಿಹರವನ್ನು ಮುಟ್ಟಿತು. 1891ರಲ್ಲಿ ಸ್ಪರ್ಧಾಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಮೈಸೂರು ಸಿವಿಲ್ ಸರ್ವಿಸ್ ಪ್ರಾರಂಭವಾಯಿತು. 1896ರಲ್ಲಿ ಬೆಂಗಳೂರಿಗೆ ಹೆಸರುಘಟ್ಟದಿಂದ ಕೊಳವೆಯ ನೀರು ಬಂದಿತು. 1898ರಲ್ಲಿ ನಗರಕ್ಕೆ ಪ್ಲೇಗು ಹೊಕ್ಕು ಪೇಟೆಯ ಜನ ಮನೆ ಬಿಟ್ಟು ಓಡಿದ ಕಾಲದಲ್ಲಿ, ಅಗಲವಾದ ಬೀದಿಗಳ ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದೂ ಅವರ ಆಡಳಿತದಲ್ಲಿಯೇ. ನಮ್ಮ ವಾಚಕರಲ್ಲಿ ಎಷ್ಟೋ ಮನೆತನದವರು ಈ ಬಡಾವಣೆಗಳಲ್ಲಿಯೇ ನೆಲೆಸಿದವರು.

1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾದರು. ಕುಮಾರ ಕೃಷ್ಣರಾಜರಿಗೆ ಆಗ ಹತ್ತೇ ವರ್ಷ. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ದಿವಾನರು ಅವರಿಗೆ ಆಸರೆಯಾಗಿ ನಿಂತರು. ಶಿವನಸಮುದ್ರದ ಸಾಹಸ ನಡೆದದ್ದು ಈ ರೀಜೆನ್ಸಿಯ ಕಾಲದಲ್ಲಿ. ದೊರೆ ಬಾಲಕನಾಗಿರುವಾಗ ರಾಜ್ಯದ ಹಣವನ್ನು ಯಾರೂ ಕಂಡರಿಯದ ಒಂದು ಕೆಲಸದಲ್ಲಿ ತೊಡಗಿಸುವುದು ಎಷ್ಟು ಅಪಾಯದ ಮಾತೆಂಬುದನ್ನು ವಾಚಕರು ಗಮನಿಸಬೇಕು. ಕಾರ್ಯ ಕೆಟ್ಟರೆ ಅಪಕೀರ್ತಿ ದಿವಾನರದು. ನಷ್ಟ ಮಾತ್ರ ಆಗತಾನೇ ಕ್ಷಾಮದಿಂದ ಚೇತರಿಸಿಕೊಂಡಿದ್ದ ರೈತನ ಕಂದಾಯದ ಹಣದ್ದು.

ಇನ್ನು ಕಾರ್ಯದ ಮೂಲಕ್ಕೆ ಬರೋಣ. ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸವೆಲ್ಲ ನಡೆಯುತ್ತಿದ್ದುದು ಉಗಿಯಂತ್ರದಿಂದ. ಅದುರನ್ನು ಮೇಲಕ್ಕೆಳೆಯುವುದಕ್ಕೂ, ಕುಟ್ಟುವುದಕ್ಕೂ, ನೀರೆತ್ತುವುದಕ್ಕೂ ಸೌದೆಯನ್ನೋ ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲನ್ನೋ ಉರಿಸಬೇಕು. ಗಣಿ ಆಳವಾದಷ್ಟೂ ಖರ್ಚು ಏರುತ್ತ ಹೋಗುವುದು. ಸುತ್ತಲಿನ ಕಾಡೂ ಬರಿದಾಗುವುದು. ಗಣಿಗಳಿಂದ ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿದ್ದುದರಿಂದ ಗಣಿಯವರ ಕಷ್ಟ ಬೊಕ್ಕಸದ ಕಷ್ಟವೂ ಆಗಿತ್ತು. ಇತ್ತ ಕಾವೇರಿಯು ಸುಮಾರು 400 ಅಡಿಗಳ ಇಳಿತದಲ್ಲಿ ಬಂಡೆಗಳ ಮೇಲೆ ಬಿದ್ದು ವ್ಯರ್ಥವಾಗಿ ಗರ್ಜಿಸುತ್ತಿದ್ದಳು. ಇವೆರಡರ ನಡುವಿನ ದೂರ 92 ಮೈಲಿ.

ಈ ಎರಡನ್ನೂ ತಂತಿಯಿಂದ ಜೋಡಿಸಬಹುದೆಂದು ಬಲವಾಗಿ ನಂಬಿದವರು ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದ ಜೋಲಿ ದ ಲಾಟ್‌ಬಿನಿಯರ್ ಎಂಬುವರು. ಕೆನಡಾದ ಒಂದು ಗಣ್ಯ ಮನೆತನಕ್ಕೆ ಸೇರಿದ ಸೈನ್ಯದ ಎಂಜಿನಿಯರ್ ಅವರು. ಅಮೆರಿಕದಲ್ಲಿ ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ವಿದ್ಯುತ್ತು ಹರಿದದ್ದು 1896ರಲ್ಲಿ. ಆ ದೂರ 30 ಮೈಲಿಯೂ ಇರಲಿಲ್ಲ. ಭಾರತದಲ್ಲಿ ಡಾರ್ಜಿಲಿಂಗಿನವರು 1897ರಲ್ಲಿ ತಮ್ಮ ಊರ ದೀಪಗಳಿಗೆಂದು ಒಂದು ಚಿಕ್ಕ ಜಲವಿದ್ಯುದಾಗಾರವನ್ನು ಕಟ್ಟಿಕೊಂಡಿದ್ದರು. (ಶಿವನಸಮುದ್ರವೇ ದೇಶದಲ್ಲಿ ಮೊದಲನೆಯದೆಂದು ಅಭಿಮಾನದಿಂದ ಹೇಳುವುದುಂಟು, ದೊಡ್ಡ ಪ್ರಮಾಣದಲ್ಲಿ, ದೂರದ ಕೈಗಾರಿಕೆಗೆ ಒದಗಿಸಿದ್ದರಲ್ಲಿ ಅದು ಮೊದಲನೆಯದೆನ್ನುವುದು ಸರಿಯಾದ ಮಾತು.) ಕ್ಯಾಲಿಫೋರ್ನಿಯದಲ್ಲಿ ದೂರದ ತಂತಿಗಳ ಪ್ರಯೋಗ ನಡೆಯುತ್ತಿತ್ತು. ಜಗತ್ತಿನ ಅನುಭವ ಅಷ್ಟೇ.

ದೂರಕ್ಕೆ ಹೋಗುವಾಗ ವಿದ್ಯುತ್ತು ತಂತಿಯಲ್ಲಿಯೇ ಶಾಖವಾಗಿ ಸೋರುತ್ತದೆ. ಬಿರುಕುಬಿಟ್ಟ ಕಾಲುವೆಯಲ್ಲಿ ನೀರು ಇಂಗಿದ ಹಾಗೆ. ಒತ್ತಡವನ್ನು ಬಹಳ ಹೆಚ್ಚಿಸಿ ಕಳಿಸಿದರೆ ಈ ಸೋರಿಕೆ ಕಡಮೆಯಾಗುವುದು. 92 ಮೈಲಿಗೆ 30,000 ವೋಲ್ಟಿಗೆ ಕಡಮೆಯಿಲ್ಲದ ಒತ್ತಡ ಬೇಕಾಗಿತ್ತು. ಅಷ್ಟನ್ನು ನಮ್ಮ ಮುಂಗಾರಿನ ಗುಡುಗು ಸಿಡಿಲುಗಳ ನಡುವೆ ಕಂಬದಿಂದ ಕಂಬಕ್ಕೆ ಸುರಕ್ಷಿತವಾಗಿ ಒಯ್ಯುವುದು ಸಾಧ್ಯವೋ ಎಂಬ ಸಂಶಯ ಬಲ್ಲವರಿಗೂ ಇದ್ದದ್ದು ಸಹಜ.

ಶೇಷಾದ್ರಿ ಅಯ್ಯರ್ ಅವರು ಎಂಜಿನಿಯರ್ ಅಲ್ಲ, ಕಾನೂನು ಓದಿದವರು. ಬಹುಶಃ ಇದೇ ಒಳ್ಳೆಯದಾಯಿತೆಂದು ನಮಗೆ ತೋರುತ್ತದೆ. ಯಂತ್ರದ ಸೊಬಗಿಗೆ ಅವರು ಮರುಳಾಗಲಿಲ್ಲ. ವಿದ್ಯುತ್ತನ್ನು ಉತ್ಪಾದಿಸಿದ ಮೇಲೆ ಕೊಳ್ಳುವವರು ಯಾರು, ಎಷ್ಟು ಕಾಲ ಕೊಳ್ಳುವರು, ಕೊಳ್ಳದಿದ್ದರೆ ಗತಿಯೇನು ಎಂಬ ಪ್ರಶ್ನೆಗಳನ್ನು ಕಾರ್ಯಾರಂಭಕ್ಕೆ ಮೊದಲೇ ಇತ್ಯರ್ಥಮಾಡಿಕೊಂಡರು. ಕೋಲಾರದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಕಂಪೆನಿಗಳಿದ್ದರೂ, ಅವುಗಳ ಆಡಳಿತವೆಲ್ಲ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಹೀಗಾಗಿ ಮಾತುಕತೆ ಒಂದೇ ಬಾಗಿಲಲ್ಲಿ ನಡೆಯುವಂತಾಯಿತು. ಗಣಿಗಳು ವರ್ಷಗಟ್ಟಲೆ ವಿದ್ಯುತ್ತನ್ನು ಕೊಳ್ಳಲು ಕರಾರಿನಿಂದ ಕಟ್ಟುಬಿದ್ದವು. ಅಂದರೆ ಸಂಸ್ಥಾನದ ಹಣ ಹಿಂದಿರುಗುವ ದಾರಿಯು, ಹಣ ಹೊರಡುವುದಕ್ಕೆ ಮುಂಚೆಯೇ ತೆರೆದಿತ್ತು. ಜಲಪಾತವನ್ನು ಖಾಸಗಿ ಬಂಡವಳಗಾರರಿಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳದೆ, ಸರ್ಕಾರವೇ ಕಟ್ಟಿಸಿ ಸರ್ಕಾರವೇ ನಡೆಸುವುದೆಂಬ ನಿರ್ಧಾರಕ್ಕೆ ಈ ಕರಾರು ಬೆನ್ನೆಲುಬಾಯಿತು.

ಎರಡನೆಯ ತೊಡಕು ನದಿಯದು. ಇಂದು ಮಧ್ಯರಂಗನ ದರ್ಶನಕ್ಕೆ ಹೋಗುವವರಿಗೆ ಇದು ಹೊಳೆಯಲಾರದು: ಆಗ ಕೊಳ್ಳೇಗಾಲದ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ಗಗನಚುಕ್ಕಿಯ ಈ ದಡ ಮೈಸೂರು, ಆ ದಡ ಮದರಾಸು. ಕೆಳಗಡೆ ತಂಜಾವೂರಿನ ಗದ್ದೆಗಳವರೆಗೆ ಕಾವೇರಿಯ ಒಂದೊಂದು ಹನಿಗೂ ಹಕ್ಕುದಾರರು. ನೀರಾವರಿಯ ಕಟ್ಟೆಗಳ ಸಂಬಂಧದಲ್ಲಿ 1892ರಲ್ಲಿ ಮೈಸೂರಿಗೂ ಮದರಾಸಿಗೂ ಒಪ್ಪಂದವಾಗಿದ್ದದ್ದು ಇದೇ ದಿವಾನರ ಕಾಲದಲ್ಲಿ. ಆದ್ದರಿಂದ ಈ ವ್ಯಾಜ್ಯದ ಒಳಹೊರಗು ಅವರಿಗೆ ಚೆನ್ನಾಗಿ ಗೊತ್ತಿತ್ತು. ವಿದ್ಯುತ್ತಿನ ಕೆಲಸದಲ್ಲಿ ನೀರು ಖರ್ಚಾಗುವುದಿಲ್ಲ. ಕಾಲುವೆಯಿಂದ ಬಂದು, ಕೊಳವೆಯಲ್ಲಿ ಇಳಿದು, ಚಕ್ರವನ್ನು ತಿರುಗಿಸಿ, ಅದೇ ನದಿಗೆ ಮರಳುತ್ತದೆ. ನೀರಾವರಿಗೂ ಇದಕ್ಕೂ ಇರುವ ಈ ಭೇದವೇ ಮೈಸೂರಿನ ಬಲವಾಗಿತ್ತು. ಮೇಲಿನ ಸರ್ಕಾರಗಳ ಒಪ್ಪಿಗೆ ದೊರೆತ ಮೇಲೆಯೇ ಕೆಲಸ ಮುಂದುವರಿಯಿತು.

ಮೂರನೆಯದಾಗಿ ಯಂತ್ರಗಳು. 1899ರಲ್ಲಿ ಲಾಟ್‌ಬಿನಿಯರ್ ಅವರನ್ನು ಯೂರೋಪಿಗೂ ಅಮೆರಿಕಕ್ಕೂ ಕಳಿಸಲಾಯಿತು. ಅಲ್ಲಿ ನಡೆಯುತ್ತಿರುವ ಕೆಲಸಗಳನ್ನು ಕಣ್ಣಾರೆ ಕಂಡು, ತಜ್ಞರೊಡನೆ ಚರ್ಚಿಸಿ ಅವರು ಬಂದರು. ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದ, ವಿದ್ಯುತ್ತಿನ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ಬರುವುದೆಂದು ನಿಶ್ಚಯವಾಯಿತು. ಕಾಣದ ದೇಶದ ಕಂಪೆನಿಗೆ ಕಾಗದ ಬರೆದು ಸಾಮಾನು ತರಿಸಿಕೊಳ್ಳುವುದಕ್ಕಿಂತ, ತಿಳಿದವನೊಬ್ಬನನ್ನು ಸಮುದ್ರ ದಾಟಿಸಿ ಕಳಿಸುವುದು ಹೆಚ್ಚು ಖರ್ಚಿನದಾಗಿ ಕಾಣಬಹುದು. ಆದರೆ ಆ ಖರ್ಚೇ ಮುಂದಿನ ಎಷ್ಟೋ ನಷ್ಟವನ್ನು ತಡೆಯಿತೆಂದು ನಮ್ಮ ಭಾವನೆ. ದಿವಾನರು ಹೀಗೆ ಒಬ್ಬನನ್ನು ನಂಬಿದ ಮೇಲೆ ಪೂರ್ತಿಯಾಗಿ ನಂಬಿದರು. ಪರಿಣತಿಯ ವಿಷಯ ಪರಿಣತನಿಗೆ ಬಿಟ್ಟರು, ಹಣ ಕರಾರು ಅನುಮತಿಗಳನ್ನು ಮಾತ್ರ ತಮ್ಮ ಕೈಯಲ್ಲಿಟ್ಟುಕೊಂಡರು.

1900ರಲ್ಲಿ ಕೆಲಸ ಬಿರುಸಿನಿಂದ ನಡೆಯಿತು. ರೈಲು ಇದ್ದದ್ದು ಮದ್ದೂರಿನವರೆಗೆ. ಅಲ್ಲಿಂದ ಮಳವಳ್ಳಿಯ ಮಾರ್ಗವಾಗಿ ಸುಮಾರು 30 ಮೈಲಿ ದೂರ, ಭಾರಿ ಯಂತ್ರಗಳನ್ನು ಎತ್ತಿನ ಗಾಡಿಗಳ ಮೇಲೆ ಹೇರಿ, ಆನೆಗಳಿಂದ ಎಳೆಸಿ ತಂದರು. ಆ ರೈಲುದಾರಿಯೂ ಹಿಂದೆ ರಂಗಾಚಾರ್ಲು ಅವರ ಕಾಲದಲ್ಲಿ ಬಿದ್ದದ್ದು; ಒಬ್ಬರು ಮಾಡಿಟ್ಟದ್ದು ಇನ್ನೊಬ್ಬರಿಗೆ ಒದಗಿತು. ಜಲಪಾತದ ಮೇಲುಗಡೆ ನದಿಯಿಂದ ಕಾಲುವೆ ತೋಡಬೇಕು, ದಡದ ಅಂಚಿನಿಂದ ಕಣಿವೆಯ ತಳಕ್ಕೆ ಕಬ್ಬಿಣದ ಕೊಳವೆಗಳನ್ನು ಇಳಿಬಿಡಬೇಕು, ಆ ಇಕ್ಕಟ್ಟಿನಲ್ಲಿ ವಿದ್ಯುದಾಗಾರವನ್ನು ಕಟ್ಟಬೇಕು. ಇದೇ ಸಮಯದಲ್ಲಿ ಕಾಡು ಗುಡ್ಡಗಳ ಮೇಲೆ 92 ಮೈಲಿ ಕಂಬ ನೆಟ್ಟು ತಾಮ್ರದ ತಂತಿ ಎಳೆಯಬೇಕು. ಅತ್ತ ಗಣಿಗಳಲ್ಲಿ ಹೊಸ ಯಂತ್ರಗಳು ಸಿದ್ಧವಾಗಬೇಕು. ಇವುಗಳಲ್ಲಿ ಒಂದು ಹಿಂದೆ ಬಿದ್ದರೂ ಮಿಕ್ಕದ್ದು ಸುಮ್ಮನೆ ಕಾದು ಕುಳಿತಿರಬೇಕು. ಆ ಕಣಿವೆ ಚಳಿಜ್ವರದ ಸೀಮೆ ಬೇರೆ. ಜೋಡಣೆಗೆಂದು ಅಮೆರಿಕದ ಕುಶಲಿಗಳು ಬಂದು ಅಲ್ಲಿಯೇ ಬೀಡುಬಿಟ್ಟರು. ಅವರಲ್ಲಿ ಗಿಬ್ಸ್ ಎಂಬುವರು ಮುಂದೆ ಮೈಸೂರಿನ ಚೀಫ್ ಎಲೆಕ್ಟ್ರಿಕಲ್ ಎಂಜಿನಿಯರಾಗಿ ಇಲ್ಲಿಯೇ ಉಳಿದರು. ಮಣ್ಣು ಹೊತ್ತ, ಬಂಡೆ ಒಡೆದ ಸಾವಿರಾರು ಕೂಲಿಗಳ ಹೆಸರುಗಳನ್ನು ಯಾವ ಕಲ್ಲಿನ ಮೇಲೂ ಕೊರೆದಿಲ್ಲ.

ಈ ನಡುವೆ ದಿವಾನರ ದೇಹಸ್ಥಿತಿ ಕುಸಿಯಿತು. 1901ರ ಮಾರ್ಚಿಯಲ್ಲಿ ಅನಾರೋಗ್ಯದ ಕಾರಣ ಅಧಿಕಾರವನ್ನು ಬಿಟ್ಟರು. ಆಗ ಶಿವನಸಮುದ್ರದ ಕಾರ್ಯ ನಡುವಿನಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್ 13ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು.

ಒಬ್ಬ ಸಮರ್ಥನ ಹೆಗಲ ಮೇಲೆ ನಿಂತ ಕಾರ್ಯಗಳು ಅವನೊಡನೆ ಮಲಗುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಮಹಾರಾಣಿಯವರ ಬೆಂಬಲ ಸಡಿಲಲಿಲ್ಲ. ಕೆಲವು ತಿಂಗಳು ದಿವಾನರಾಗಿದ್ದ ತಂಬೂಚೆಟ್ಟಿಯವರೂ, ಅವರ ನಂತರ ಬಂದ ಸರ್ ಪಿ. ಎನ್. ಕೃಷ್ಣಮೂರ್ತಿಯವರೂ ಕಾರ್ಯವನ್ನು ಮುಂದುವರಿಸಿದರು. ಕರಾರುಗಳು ಲಿಖಿತವಾಗಿದ್ದವು, ಹಣ ಗೊತ್ತಾಗಿತ್ತು, ಯಂತ್ರಗಳು ದಾರಿಯಲ್ಲಿದ್ದವು, ಲಾಟ್‌ಬಿನಿಯರ್ ಅವರು ಸ್ಥಳದಲ್ಲಿದ್ದರು. ಹೊಸಬರು ಬಂದು ಮೊದಲಿಂದ ಯೋಚಿಸಬೇಕಾದ ಸಂಗತಿ ಯಾವುದೂ ಉಳಿದಿರಲಿಲ್ಲ. ಪ್ರಾಸಂಗಿಕವಾಗಿ ಒಂದು ಮಾತು: ಕೃಷ್ಣಮೂರ್ತಿಯವರು ನಮ್ಮ ಸಮಾಜದವರೇ ಆದ ದಿವಾನ್ ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರುದಾರರು. ಅವರ ಜಹಗೀರಿಗೂ ಮಧ್ಯರಂಗನ ಸನ್ನಿಧಿಗೂ ಬಹಳ ದೂರವಿಲ್ಲ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು. ಒಂದೊಂದು 720 ಕಿಲೋವ್ಯಾಟ್ ಸಾಮರ್ಥ್ಯದ ಆರು ಯಂತ್ರಗಳು, ಒಟ್ಟು 4,320 ಕಿಲೋವ್ಯಾಟ್. ಆ ಕಾಲದಲ್ಲಿ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಅದು ಒಂದಾಗಿತ್ತು. ಐದಾರು ವಾರಗಳ ತರುವಾಯ, ಆಗಸ್ಟ್ 8ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ತಾಯಿಯವರ ರೀಜೆನ್ಸಿಯಿಂದ ಮಗನಿಗೆ ಸಂದದ್ದರಲ್ಲಿ ಆದಾಯ ತರುವ ಈ ವಿದ್ಯುದಾಗಾರವೂ ಸೇರಿತ್ತು. ಗಣಿಗಳ ಬೇಡಿಕೆ ಬೆಳೆದಂತೆ ಯಂತ್ರಗಳನ್ನು ಮತ್ತೆ ಮತ್ತೆ ಹೆಚ್ಚಿಸಲಾಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. 1908ರಲ್ಲಿ ಮೈಸೂರಿನ ಸರದಿ ಬಂದಿತು.

ಇಷ್ಟು ಹೇಳಿ, ಅವರ ಇನ್ನೊಂದು ಮಹಾಕಾರ್ಯದ ವಿಷಯವನ್ನು ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರವಾದೀತು. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟನ್ನು 1898ರಲ್ಲಿ ಅವರೇ ಆರಂಭಿಸಿದರು. ಅದೂ ಅವರು ಹೋದ ಮೇಲೆಯೇ, 1907ರಲ್ಲಿ ಮುಗಿಯಿತು. ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸ ಸಾಗರವಾಯಿತು. ಬರದ ನಾಡಿಗೆ ಅದು ಆಸರೆಯಾಯಿತೆಂಬುದು ನಿಜ. ಆದರೆ ಕಟ್ಟಿದಷ್ಟು ಎತ್ತರಕ್ಕೆ ನೀರು ಬರಲಿಲ್ಲ. 1933ರಲ್ಲಿ ಒಮ್ಮೆ ಕೋಡಿ ಹರಿದದ್ದು, ಮತ್ತೆ ಹರಿಯಲು 2022ನೆಯ ಇಸವಿ ಬರಬೇಕಾಯಿತು. ಮೊಮ್ಮಕ್ಕಳು ಅಜ್ಜಂದಿರಾದರು! ಕೆಲಸದ ಅಚ್ಚುಕಟ್ಟಿನಲ್ಲಿ ಮಾರಿಕಣಿವೆ ಶಿವನಸಮುದ್ರಕ್ಕೆ ಏನೂ ಕಡಮೆಯಲ್ಲ. ಅಲ್ಲಿ ಕೊಳ್ಳುವವರನ್ನು ಕರಾರಿನಿಂದ ಕಟ್ಟಬಹುದಾಗಿತ್ತು. ಇಲ್ಲಿ ಮೋಡಗಳನ್ನು ಕಟ್ಟುವವರು ಯಾರು? ನದಿಯ ಹರಿವನ್ನು ಬಹುಕಾಲ ಅಳೆದು ನೋಡಿದ ಲೆಕ್ಕ ಕೈಯಲ್ಲಿದ್ದಿದ್ದರೆ ಕಟ್ಟೆಯ ಅಳತೆಯೇ ಬೇರೆಯಾಗುತ್ತಿತ್ತೇನೋ. ಹೆಸರುಘಟ್ಟದ ನೀರೂ ಅಷ್ಟೇ. ಅರ್ಕಾವತಿಯಲ್ಲಿ ಮಳೆ ಸೋತಾಗ ಬೆಂಗಳೂರು ಬಾಯಾರಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬರಬೇಕಾಯಿತು.

ಸ್ವದೇಶೀಯರನ್ನು ಹಿಂದೆ ತಳ್ಳಿ ಮದರಾಸಿನ ಕಡೆಯವರನ್ನು ಹುದ್ದೆಗಳಲ್ಲಿ ತುಂಬಿದರೆಂಬ ದೂರೂ ಅವರ ಮೇಲಿತ್ತು. ಅಧಿಕಾರವೆಲ್ಲ ಒಬ್ಬರ ಕೈಯಲ್ಲಿ ಸೇರಿತೆಂದು ಮೈಸೂರಿನ ಪ್ರಮುಖರು ಅನೇಕರು ಅಸಮಾಧಾನಪಟ್ಟಿದ್ದರು. ಅದು ಪೂರ್ತಿ ನಿರಾಧಾರವಾದುದೆಂದು ನಾವು ಹೇಳಲಾರೆವು. ಆದರೆ ಆರಿಸಿಕೊಂಡ ಕೆಲಸಗಾರನ ಯೋಗ್ಯತೆಯ ವಿಷಯದಲ್ಲಿ, ಶಿವನಸಮುದ್ರದ ಮಟ್ಟಿಗಾದರೂ, ಅವರ ಕಣ್ಣು ತಪ್ಪಲಿಲ್ಲ.

ಶಿವನಸಮುದ್ರದಲ್ಲಿಯೂ ಒಂದು ಕೊರತೆ ಉಳಿದಿತ್ತು. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಚಕ್ರಗಳಿಗೆ ಸಾಕಷ್ಟು ನೀರು ಸಿಗುತ್ತಿರಲಿಲ್ಲ. ಗಣಿಗಳಿಗೋ ವರ್ಷದ ಹನ್ನೆರಡು ತಿಂಗಳೂ ಶಕ್ತಿ ಬೇಕು. ಮೇಲುಗಡೆ ನೀರನ್ನು ತಡೆದು ಕೂಡಿಟ್ಟುಕೊಂಡು ಬೇಕಾದಾಗ ಬಿಡುವುದೊಂದೇ ಉಪಾಯವಾಗಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯನವರು ಕಟ್ಟೆಯ ಕೆಲಸಕ್ಕೆ ಕೈಹಚ್ಚಿದ್ದಕ್ಕೆ ಈ ಕೊರತೆಯೂ ಒಂದು ಮುಖ್ಯ ಕಾರಣ. ಕಟ್ಟೆಯ ಮೊದಲ ಹಂತದ ಖರ್ಚನ್ನು ಸಮರ್ಥಿಸಿಕೊಳ್ಳುವಾಗ ಅವರಿಗೂ ಗಣಿಗಳಿಗೆ ಮಾರುವ ವಿದ್ಯುತ್ತಿನ ಆದಾಯವೇ ಆಧಾರವಾಯಿತು.

1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜರು ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅದರ ಹಿಂದಿನ ಕೆಂಪು ಕಟ್ಟಡವೂ ಅವರ ಸ್ಮಾರಕವೇ. ಈಗ ಅಲ್ಲಿ ಕೇಂದ್ರ ಗ್ರಂಥಾಲಯವಿದೆ. ಶೇಷಾದ್ರಿಪುರ ಅವರ ಹೆಸರನ್ನು ಹೊತ್ತಿದೆ. ಅವರ ಮೊದಲ ಗಿರಾಕಿಯಾದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಗಗನಚುಕ್ಕಿಯ ಬಳಿಯ ವಿದ್ಯುದಾಗಾರದಲ್ಲಿ ಚಕ್ರಗಳು ಈಗಲೂ ತಿರುಗುತ್ತಿವೆ.